ಮೇಷ್ಟ್ರ ಹುರುಪು ಮಕ್ಕಳ ನೋಟ್‌ಬುಕ್ಕಿಗೆ ಇಳಿಯುವುದು ಹೇಗೆ? ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರಿಗೂ ಒಂದು ಮಾರ್ಗದರ್ಶಿ

ಐದನೇ ತರಗತಿಯ ಒಂದು ಗಣಿತ ನೋಟ್‌ಬುಕ್ ನನ್ನ ತಲೆಯಿಂದ ಹೋಗುವುದೇ ಇಲ್ಲ. 52ರಲ್ಲಿ 27 ಕಳೆಯಬೇಕು. ಹುಡುಗ 35 ಅಂತ ಬರೆದಿದ್ದ. ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಮಾರ್ಕು. ಕೆಳಗಿನ ಲೆಕ್ಕ 81ರಲ್ಲಿ 46. ಉತ್ತರ 45. ಅದಕ್ಕೂ ರೈಟು. ಪುಟದ ಕೊನೆಗೆ ಸಹಿ, ತಾರೀಕು. ಹುಡುಗ ಮಾಡುತ್ತಿದ್ದದ್ದು ಇಷ್ಟೇ: ಯಾವುದು ಮೇಲಿದೆ, ಯಾವುದು ಕೆಳಗಿದೆ ಅಂತ ನೋಡದೆ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆಯುತ್ತಿದ್ದ. ಹಿಂದಿನ ಪುಟಗಳನ್ನು ತಿರುವಿದೆ. ಎರಡು ತಿಂಗಳಿಂದ ಹಾಗೇ ಕಳೆಯುತ್ತಾ ಬಂದಿದ್ದ.

ತಿದ್ದಿದವರು ಗಣಿತ ಬಾರದವರಲ್ಲ. ನಮ್ಮ ಶಾಲೆಯಲ್ಲೇ ಚೆನ್ನಾಗಿ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರು. ಹೈಸ್ಕೂಲಿಗೆ ಹೋದ ಮಕ್ಕಳು ಅವರನ್ನು ಹುಡುಕಿಕೊಂಡು ಬಂದು ಲೆಕ್ಕ ಕೇಳುತ್ತಿದ್ದರು. ಆ ವರ್ಷ ಮಾತ್ರ ಶಾಲೆಯಲ್ಲಿ ಎರಡು ಹುದ್ದೆ ಖಾಲಿ. ನಾಲ್ಕು, ಐದನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದೆವು. ಅವರ ವರ್ಗಾವಣೆ ಅರ್ಜಿ ಎರಡನೇ ಸಲವೂ ಆಗಿರಲಿಲ್ಲ. ಸಂಜೆ ರಾಶಿ ನೋಟ್‌ಬುಕ್ ಮುಂದಿಟ್ಟುಕೊಂಡು ಅವರು ಉತ್ತರ ನೋಡುತ್ತಿರಲಿಲ್ಲ, ಪುಟ ತುಂಬಿದೆಯಾ ಅಂತಷ್ಟೇ ನೋಡುತ್ತಿದ್ದರು. ಅವರೊಬ್ಬರನ್ನೇ ಅಂದು ಏನು ಪ್ರಯೋಜನ? ಅವರ ಸಹಿಯ ಕೆಳಗೆ ಮುಖ್ಯ ಶಿಕ್ಷಕಿಯ ಸಹಿಯೂ ಇತ್ತು. ಅದು ನನ್ನದು.

ಶಿಕ್ಷಕರಿಗೆ ಹುರುಪಿದ್ದರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಅಂತ ಸೆಪ್ಟೆಂಬರ್ 5ರ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಆ ಹುರುಪು ಎಲ್ಲಿಂದ ಬರಬೇಕು ಅಂತ ಯಾರೂ ಹೇಳುವುದಿಲ್ಲ. ಕೆಲವರು ಹುಟ್ಟುತ್ತಲೇ ತಂದಿರುತ್ತಾರೆ, ಕೆಲವರಿಗೆ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾತಾಡುತ್ತೇವೆ. ನಾನು ಕಂಡಂತೆ ಅದು ಬಹುಪಾಲು ಶಾಲೆಯೊಳಗೇ ಹುಟ್ಟುತ್ತದೆ, ಶಾಲೆಯೊಳಗೇ ಸಾಯುತ್ತದೆ. ಹಾಗಾಗಿ ಶಾಲೆ ನಡೆಸುವವರು ಮಾಡಬಹುದಾದ್ದು ಸಾಕಷ್ಟಿದೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಖಾಸಗಿ ಶಾಲೆಯವರಿಗೂ ಅರ್ಧಕ್ಕಿಂತ ಜಾಸ್ತಿ ಹೊಂದುತ್ತದೆ.

ಮೊದಲು ತಿಳಿದಿರಬೇಕಾದ್ದು: ಹುರುಪು ಮಗುವನ್ನು ಮುಟ್ಟುವ ದಾರಿ

ಟೀಚರ್ ಖುಷಿಯಾಗಿದ್ದಾರೆ ಅಂದ ಮಾತ್ರಕ್ಕೆ ಮಗುವಿಗೆ ಮಗ್ಗಿ ಬರುವುದಿಲ್ಲ. ಮಗುವಿನ ತನಕ ಬರುವುದು ಪಾಠದ ಹೊತ್ತು. 2003ರಲ್ಲಿ ನಮ್ಮ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮುಂಚೆ ತಿಳಿಸದೆ ಹೋಗಿ ನೋಡಿದ ದೊಡ್ಡ ಅಧ್ಯಯನವೊಂದು ನಡೆಯಿತು. ನೂರಕ್ಕೆ 25 ಶಿಕ್ಷಕರು ಶಾಲೆಯಲ್ಲಿ ಇರಲಿಲ್ಲ. ಈ ಅಂಕಿಯನ್ನು ಎಲ್ಲರೂ ಎತ್ತಿ ಆಡುತ್ತಾರೆ. ಅದೇ ಅಧ್ಯಯನದ ಇನ್ನೊಂದು ಅಂಕಿ ಯಾರಿಗೂ ನೆನಪಿಲ್ಲ. ಹೋದ ಹೊತ್ತಿನಲ್ಲಿ ನಿಜವಾಗಿ ಪಾಠ ಮಾಡುತ್ತಿದ್ದವರು ಸುಮಾರು ಅರ್ಧದಷ್ಟು ಮಾತ್ರ. ಅಂದರೆ ಶಾಲೆಗೆ ಬಂದೂ ಆ ಹೊತ್ತಿಗೆ ಪಾಠದಲ್ಲಿ ಇಲ್ಲದವರು ಹತ್ತಿರ ಹತ್ತಿರ ಕಾಲು ಭಾಗ. ಹಾಜರಿ ಪುಸ್ತಕದಲ್ಲಿ ಅವರ ಸಹಿ ಸರಿಯಾಗಿಯೇ ಇರುತ್ತದೆ.

ಇನ್ನೊಂದು ದಾರಿ ತಿದ್ದುವುದು. ಅದನ್ನು ಮೇಲೆ ಹೇಳಿದೆ.

ಮೂರನೆಯದು ಸೂಕ್ಷ್ಮ. ಈ ಮಗುವಿಗೆ ಬರುತ್ತದೆ ಅಂತ ಟೀಚರ್ ನಂಬುವುದು. ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ರೋಸೆಂತಾಲ್ ಮತ್ತು ಜೇಕಬ್ಸನ್ ಎಂಬಿಬ್ಬರು ಒಂದು ಪ್ರಯೋಗ ಮಾಡಿ 1968ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳ ಹೆಸರು ಕೊಟ್ಟು, ಇವರು ಈ ವರ್ಷ ತುಂಬಾ ಮುಂದೆ ಬರುತ್ತಾರೆ ಅಂತ ಶಿಕ್ಷಕರಿಗೆ ಹೇಳಿದರು. ನಿಜಕ್ಕೂ ಆ ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ವರ್ಷದ ಕೊನೆಗೆ ಒಂದು, ಎರಡನೇ ತರಗತಿಯಲ್ಲಿ ಆ ಮಕ್ಕಳೇ ಬೇರೆಯವರಿಗಿಂತ ಮುಂದಿದ್ದರು. ಈ ಪ್ರಯೋಗದ ಲೆಕ್ಕಾಚಾರದ ಬಗ್ಗೆ ಆಮೇಲೆ ಬೇಕಾದಷ್ಟು ಜಗಳ ಆಗಿದೆ, ಪರಿಣಾಮ ಅಷ್ಟು ದೊಡ್ಡದಲ್ಲ ಅಂದವರೂ ಇದ್ದಾರೆ. ಆದರೆ ತರಗತಿಯಲ್ಲಿ ನಿಂತವರಿಗೆ ಇದು ಗೊತ್ತು. ಬೇಸತ್ತ ಟೀಚರ್ ಪ್ರಶ್ನೆ ಕೇಳಿದ ಮೇಲೆ ಹಿಂದಿನ ಸಾಲಿನ ಹುಡುಗಿಗೆ ಎರಡು ಸೆಕೆಂಡ್ ಕೂಡ ಕಾಯುವುದಿಲ್ಲ. ಮುಂದಿನ ಸಾಲಿನ ಜಾಣೆಯ ಕಡೆ ತಿರುಗಿಬಿಡುತ್ತಾರೆ.

ಇನ್ನು ಕೆಲಸಕ್ಕೆ ಬರೋಣ.

1. ಬೈಯುವ ಮೊದಲು ಎರಡು ವಾರ ಲೆಕ್ಕ ಇಡಿ

ಒಂದು 100 ಪುಟದ ನೋಟ್‌ಬುಕ್ ಸಾಕು. ಪ್ರತಿದಿನ ಪ್ರತಿ ತರಗತಿಗೂ ಒಂದು ಸಾಲು. ಎಷ್ಟು ಪೀರಿಯಡ್ ಪಾಠ ನಡೆಯಿತು, ನಡೆಯದಿದ್ದರೆ ಯಾಕೆ ಅಂತ ನಾಲ್ಕು ಪದ. ಸಿ.ಎಲ್. (ಸಾಂದರ್ಭಿಕ ರಜೆ), ತರಬೇತಿ, ಓಓಡಿ (ಇಲಾಖೆ ಹೇಳಿದ ಹೊರಗಿನ ಕೆಲಸ), ಆನ್‌ಲೈನ್ ಎಂಟ್ರಿ, ಬ್ಯಾಂಕು, ಮೊಟ್ಟೆ ಲೆಕ್ಕ, ಯಾರೋ ಬಂದರು. ಇದನ್ನು ಮುಖ್ಯ ಶಿಕ್ಷಕರೇ ಬರೆಯಬೇಕು. ಶಿಕ್ಷಕರ ಕೈಗೆ ಇನ್ನೊಂದು ಫಾರಂ ಕೊಟ್ಟರೆ ಹುರುಪಿನ ಕೆಲಸ ಅಲ್ಲಿಗೇ ಕೆಟ್ಟಿತು.

ಎರಡು ವಾರದ ನಂತರ ಕೂತು ನೋಡಿ. ನನಗಂತೂ ನಾಚಿಕೆಯಾಯಿತು. ಸುಮ್ನೆ ಕೂತಿದ್ದಾರೆ ಅಂತ ನಾನು ಅಂದುಕೊಂಡಿದ್ದ ಟೀಚರ್ ಒಬ್ಬರು ಹತ್ತು ದಿನದಲ್ಲಿ ಹದಿನಾಲ್ಕು ಪೀರಿಯಡ್ ಕಳೆದುಕೊಂಡಿದ್ದರು. ಅದರಲ್ಲಿ ಹನ್ನೊಂದು ನಾನೇ ಹೇಳಿದ ಕೆಲಸಕ್ಕೆ.

ಅಜೀಂ ಪ್ರೇಮ್‌ಜಿ ಫೌಂಡೇಷನ್ 2017ರಲ್ಲಿ ಆರು ರಾಜ್ಯಗಳಲ್ಲಿ ಮಾಡಿದ ಅಧ್ಯಯನವೂ ಇದೇ ಕಡೆ ಕೈ ತೋರಿಸುತ್ತದೆ. ಕಾರಣವಿಲ್ಲದೆ ತಪ್ಪಿಸಿಕೊಂಡ ಶಿಕ್ಷಕರು ಅಲ್ಲಿ ನೂರಕ್ಕೆ 2.5 ಮಾತ್ರ. ಶಾಲೆಯಲ್ಲಿ ಇಲ್ಲದ ಉಳಿದವರು ರಜೆ ಹಾಕಿದವರು, ಇಲ್ಲ ಇಲಾಖೆಯ ಕೆಲಸದ ಮೇಲೆಯೇ ಹೊರಗೆ ಹೋದವರು. ಊರಿನವರು ಇವರೆಲ್ಲರನ್ನೂ ಸೇರಿಸಿ ಒಂದೇ ಮಾತು ಹೇಳುತ್ತಾರೆ: ಮೇಷ್ಟ್ರು ಬರಲ್ಲ. ಪ್ರಾಮಾಣಿಕವಾಗಿ ದುಡಿಯುವವರ ಹುರುಪು ಕುಗ್ಗಿಸಲು ಈ ಒಂದು ಮಾತು ಸಾಕು. ನಿಮ್ಮ ನೋಟ್‌ಬುಕ್ಕಿನ ಲೆಕ್ಕವನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಿ. ಹೆಸರು ಬೇಡ, ಕಾರಣಗಳನ್ನು ಮಾತ್ರ.

2. ದಿನಕ್ಕೆ ಒಂದು ಗಂಟೆ ಬಾಗಿಲು ತಟ್ಟಬೇಡಿ

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. ಇದೇ ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು ಅನ್ನುತ್ತದೆ. ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಕೆಲಸ, ತಯಾರಿಯ ಹೊತ್ತೂ ಸೇರಿ. ಕಾಯ್ದೆ ಹೇಳುವುದು ಒಂದು, ತುರ್ತು, ಇಂದು ಸಂಜೆ 4ರೊಳಗೆ ಅಂತ ಬರುವ ಮೆಸೇಜು ಇನ್ನೊಂದು. 2025ರ ದಸರಾ ರಜೆಯಲ್ಲಿ ಮನೆಮನೆ ಸಮೀಕ್ಷೆಗೆ ತಿರುಗಿದವರೂ ಶಿಕ್ಷಕರೇ ಅಲ್ವಾ.

ಮೇಲಿನವರನ್ನು ನಾವು ಬದಲಾಯಿಸಲು ಆಗುವುದಿಲ್ಲ. ಶಾಲೆಯ ಗೇಟಿನೊಳಗೆ ಒಂದು ಗಂಟೆ ಕಾಪಾಡಬಹುದು. ಪ್ರಾರ್ಥನೆ ಮುಗಿದ ಕೂಡಲೇ ಬರುವ ಗಂಟೆ ಒಳ್ಳೆಯದು. ಆ ಹೊತ್ತಿನಲ್ಲಿ:

ಶಿಕ್ಷಕರ ಮೊಬೈಲು ಮುಖ್ಯ ಶಿಕ್ಷಕರ ಮೇಜಿನ ಮೇಲಿರಲಿ. ಮನೆಯಿಂದ ತುರ್ತು ಕರೆ ಬಂದರೆ ನೀವೇ ಹೋಗಿ ತಿಳಿಸಿ.

ಮಾಹಿತಿ ಕೇಳಿಕೊಂಡು ಯಾರು ಬಂದರೂ ಕಚೇರಿಯಲ್ಲಿ ಕೂರಲಿ. ಟೀ ಕೊಡಿ. ಕಾಯುತ್ತಾರೆ.

ಆನ್‌ಲೈನ್ ಎಂಟ್ರಿಯನ್ನು ದಿನಾ ಸ್ವಲ್ಪ ಸ್ವಲ್ಪ ಮಾಡಬೇಡಿ. ವಾರಕ್ಕೆ ಒಂದು ಮಧ್ಯಾಹ್ನ ಗೊತ್ತು ಮಾಡಿ.

ಹಾಲು, ಮೊಟ್ಟೆ, ಬಾಳೆಹಣ್ಣಿನ ಲೆಕ್ಕ ಎಸ್‌ಡಿಎಂಸಿಯ ತಾಯಂದಿರು ನೋಡಿಕೊಳ್ಳಬಹುದು. ಯಾವ ಮಗು ಮೊಟ್ಟೆ ತಿಂದಿತು, ಯಾವ ಮಗು ಬಾಳೆಹಣ್ಣು ಕೇಳಿತು ಅಂತ ಬರೆಯಲು ಬಿ.ಇಡಿ. ಬೇಕಿಲ್ಲ. ನಮ್ಮಲ್ಲಿ ಇಬ್ಬರು ತಾಯಂದಿರು ಸರದಿಯಲ್ಲಿ ಬರುತ್ತಿದ್ದರು. ಅವರು ಬರಲು ಶುರು ಮಾಡಿದ ಮೇಲೆ ಮೊಟ್ಟೆಯ ಲೆಕ್ಕವೂ ಸರಿಹೋಯಿತು ಅನ್ನುವುದು ಬೇರೆ ಮಾತು.

ಈ ಒಂದು ಗಂಟೆಗೆ ಯಾಕಿಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ, ಅದನ್ನು ಪರೀಕ್ಷಿಸಿ ನೋಡಿದ್ದಾರೆ. ಪ್ರಥಮ್ ಸಂಸ್ಥೆ ಬಿಹಾರದಲ್ಲಿ ಸರ್ಕಾರಿ ಶಿಕ್ಷಕರಿಗೆ ಮಕ್ಕಳ ಮಟ್ಟಕ್ಕೆ ತಕ್ಕಂತೆ ಕಲಿಸುವ ತರಬೇತಿ ಕೊಟ್ಟಿತು. ಶಾಲಾ ದಿನಗಳಲ್ಲಿ ಪ್ರಯೋಜನವೇ ಆಗಲಿಲ್ಲ, ಎಲ್ಲರೂ ಸಿಲಬಸ್ ಮುಗಿಸುವ ಓಟಕ್ಕೆ ಬಿದ್ದರು. 2008ರ ಬೇಸಿಗೆ ಶಿಬಿರದಲ್ಲಿ ಸರ್ಕಾರಿ ಶಿಕ್ಷಕರೇ ಕಲಿಸಿದಾಗ ಮಕ್ಕಳ ಓದು ಚೆನ್ನಾಗಿ ಸುಧಾರಿಸಿತು. ಹರಿಯಾಣದಲ್ಲಿ 2012-13ರಲ್ಲಿ ಶಾಲೆಯ ಸಮಯದಲ್ಲೇ ಇದಕ್ಕೆ ಅಂತ ಒಂದು ಗಂಟೆ ಎತ್ತಿಟ್ಟರು. ನಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ)ಗಳಂಥ ಮೇಲ್ವಿಚಾರಕರು ಮೊದಲು ತಾವೇ ಮಕ್ಕಳಿಗೆ ಕಲಿಸಿ ನೋಡಿ, ಆಮೇಲೆ ಶಿಕ್ಷಕರ ಜೊತೆ ನಿಂತರು. ಹಿಂದಿ ಓದು ಸುಧಾರಿಸಿತು. ಶಿಕ್ಷಕರು ಅವರೇ, ಸಂಬಳ ಅದೇ. ಸಿಕ್ಕಿದ್ದು ಹೊತ್ತು ಮತ್ತು ಜೊತೆಗಾರರು.

3. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಓದಿಸಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಮಾಡಲು ಪುರುಸೊತ್ತಿದೆ ಅಂದರೆ ಇದನ್ನು ಮಾಡಿ.

ಹುರುಪಿದ್ದರೆ ಮಕ್ಕಳು ಕಲಿಯುತ್ತಾರೆ ಅನ್ನುವುದು ನಿಜ. ತಿರುಗಿಸಿ ಹೇಳಿದರೆ ಇನ್ನೂ ನಿಜ: ಮಗು ಕಲಿತದ್ದು ಕಣ್ಣಿಗೆ ಕಂಡರೆ ಟೀಚರಿಗೆ ಹುರುಪು ಬರುತ್ತದೆ. ನಮ್ಮ ಶಾಲೆಗಳಲ್ಲಿ ಅದು ಕಾಣುವುದೇ ಇಲ್ಲ. ಎಫ್‌ಎ, ಎಸ್‌ಎ ಅಂತ ವರ್ಷದುದ್ದಕ್ಕೂ ನಡೆಸುವ ಪರೀಕ್ಷೆಗಳ ಅಂಕ ತುಂಬುತ್ತೇವೆ, ಎ, ಎ ಪ್ಲಸ್ ಅಂತ ಬರೆಯುತ್ತೇವೆ. ಜೂನ್‌ನಲ್ಲಿ ಓದಲು ಬಾರದ ಹುಡುಗಿ ಸೆಪ್ಟೆಂಬರ್‌ನಲ್ಲಿ ಓದಿದಳು ಅನ್ನುವುದು ಆ ಕೋಷ್ಟಕದಲ್ಲಿ ಎಲ್ಲೂ ಸಿಗುವುದಿಲ್ಲ.

ಮಾಡುವುದು ಹೀಗೆ. ಒಂದು ಹಾಳೆಯಲ್ಲಿ ನಾಲ್ಕು ತುಂಡು ಬರೆದುಕೊಳ್ಳಿ: ಹತ್ತು ಬಿಡಿ ಅಕ್ಷರ, ಕಾಗುಣಿತ ಇರುವ ಹತ್ತು ಪದ, ನಾಲ್ಕು ಸುಲಭ ವಾಕ್ಯ, ಎರಡನೇ ತರಗತಿ ಮಟ್ಟದ ಒಂದು ಪ್ಯಾರಾ. ಪ್ಯಾರಾದಲ್ಲಿ ಒತ್ತಕ್ಷರ ಇರಲೇಬೇಕು. ಜಗಲಿಯಲ್ಲಿ ಎರಡು ಕುರ್ಚಿ ಹಾಕಿ. ಒಂದು ಸಲಕ್ಕೆ ಒಂದೇ ಮಗು. ಬೇರೆ ಮಕ್ಕಳಿಗೆ ಕೇಳಿಸಬಾರದು. ಮೊದಲು ಪ್ಯಾರಾ ಕೊಡಿ, ಬಾರದಿದ್ದರೆ ಕೆಳಗಿಳಿಯಿರಿ. ಒಂದು ಮಗುವಿಗೆ ಮೂರು ನಿಮಿಷ ಸಾಕು. 26 ಮಕ್ಕಳ ತರಗತಿ ಎರಡು ದಿನದಲ್ಲಿ ಮುಗಿಯುತ್ತದೆ.

ಓದಿಸಬೇಕಾದವರು ಆ ತರಗತಿಯ ಟೀಚರೇ. ಸಿಆರ್‌ಪಿ ಅಲ್ಲ, ನೀವೂ ಅಲ್ಲ. ಯಾಕೆ ಅಂತ ಹೇಳುತ್ತೇನೆ.

ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಓದುತ್ತಿದ್ದಳು. ನಾನು ಪಕ್ಕದ ಕೋಣೆಯ ಕಿಟಕಿಯ ಹತ್ತಿರ ಇದ್ದೆ. ಅಜ್ಜಿ ಅಂತ ಇದ್ದದ್ದನ್ನು ಅಜಿ ಅಂದಳು. ಹಣ್ಣು ಹಣು ಆಯಿತು. ಬೆಕ್ಕು ಬೆಕು ಆಯಿತು. ಟೀಚರ್ ಪೆನ್ನು ಕೆಳಗಿಟ್ಟರು. ಬೆರಳನ್ನು ಆ ಒತ್ತಿನ ಕೆಳಗೆ ಇಟ್ಟು, ಇದೇನಮ್ಮಾ ಅಂತ ಕೇಳಿದರು. ಹುಡುಗಿ ಹೇಳಿದಳು: ಅದು ಕೆಳಗಡೆ ಬರೆಯೋದು ಮಿಸ್, ಓದೋದಲ್ಲ.

ಟೀಚರ್ ನನ್ನ ಕಡೆ ತಿರುಗಿ ನೋಡಿದ ನೋಟ ನನಗಿನ್ನೂ ನೆನಪಿದೆ. ಮೂರು ವರ್ಷ ಆ ಮಗು ಒತ್ತಕ್ಷರವನ್ನು ಅಲಂಕಾರ ಅಂದುಕೊಂಡು ನಕಲು ಬರೆದಿತ್ತು. ನಕಲು ಬರಹ ಚೆನ್ನಾಗಿತ್ತು, ಅದಕ್ಕೆ ಗುಡ್ ಕೂಡ ಸಿಕ್ಕಿತ್ತು. ಆ ಮಧ್ಯಾಹ್ನ ಟೀಚರ್ ಊಟ ಮಾಡುತ್ತಲೇ ಒತ್ತಕ್ಷರದ ಚೀಟಿ ಕತ್ತರಿಸುತ್ತಾ ಕೂತರು. ಯಾರೂ ಹೇಳಿರಲಿಲ್ಲ. ಎಷ್ಟು ತರಬೇತಿ ಕೊಟ್ಟರೂ ಬಾರದ್ದು ಆ ಒಂದು ಉತ್ತರದಿಂದ ಬಂತು. ಆ ಪಟ್ಟಿಯನ್ನು ಸಿಆರ್‌ಪಿ ಮಾಡಿ ಕೊಟ್ಟಿದ್ದರೆ 26ರಲ್ಲಿ 11 ಅಂತ ಒಂದು ಅಂಕಿ ಆಗಿ ಉಳಿಯುತ್ತಿತ್ತು.

ಆಂಧ್ರಪ್ರದೇಶದಲ್ಲಿ ಇಂಥ ಅಂಕಿಯನ್ನೇ ಕೊಟ್ಟು ನೋಡಿದ್ದಾರೆ. ಮಕ್ಕಳು ಎಲ್ಲಿ ಹಿಂದಿದ್ದಾರೆ ಅಂತ ವಿವರವಾದ ವರದಿ ತಯಾರಿಸಿ ಶಾಲೆಗೆ ಕಳಿಸಿದರು. ಆಗಾಗ ಬಂದು ತರಗತಿ ನೋಡಿ ಹೋದರು. ನೋಡುವವರು ಬಂದ ದಿನ ಶಿಕ್ಷಕರು ಚುರುಕಾಗಿ ಪಾಠ ಮಾಡಿದರು. ಮಕ್ಕಳ ಕಲಿಕೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಓದಿಸಿದ ಮೇಲೆ, ಎರಡನೇ ಹೆಜ್ಜೆಯಲ್ಲಿ ಉಳಿಸಿದ ಗಂಟೆಯಲ್ಲಿ, ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ. ಐದನೇ ತರಗತಿಯವನು ಮೂರನೇ ತರಗತಿಯವರ ಜೊತೆ ಕೂತರೆ ಕೂರಲಿ. ಗುಂಪಿಗೆ ಹೂವಿನ ಹೆಸರೋ ಹಕ್ಕಿಯ ಹೆಸರೋ ಇಡಿ, ದಡ್ಡರ ಗುಂಪು ಅಂತ ಯಾರ ಬಾಯಲ್ಲೂ ಬರಬಾರದು. ಆರು ವಾರ ಕಳೆದ ಮೇಲೆ ಮತ್ತೆ ಅದೇ ಜಗಲಿ, ಅದೇ ಕುರ್ಚಿ, ಬೇರೆ ಹಾಳೆ. ಫಲಿತಾಂಶವನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಬೇಡಿ, ಮೇಲಕ್ಕೆ ಕಳಿಸಲೂ ಬೇಡಿ. ಕಳಿಸುತ್ತಾರೆ ಅಂತ ಗೊತ್ತಾದ ದಿನ ಎಲ್ಲ ಮಕ್ಕಳಿಗೂ ಓದಲು ಬರತೊಡಗುತ್ತದೆ.

4. ಟೀಚರ್ ಕೈಗೆ ಏನಾದರೂ ಬಿಡಿ

ನಲಿಕಲಿ ಎಂಬ ಕಲಿಕಾ ಪದ್ಧತಿಯ ಕಥೆ ನಿಮಗೆ ಗೊತ್ತಿರಬಹುದು. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಯಿತು. ಯುನಿಸೆಫ್ ನೆರವಿತ್ತು. ಅಲ್ಲಿನ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ಪಾಡಿಗೆ ತಾವು ಕಲಿಯುವುದನ್ನು ಕಂಡರು. ವಾಪಸ್ ಬಂದು ಕಾರ್ಡು, ಹಾಡು, ಕಲಿಕಾ ಏಣಿ ಎಲ್ಲವನ್ನೂ ತಾವೇ ಕೂತು ಮಾಡಿದರು. ತಮ್ಮ ಕೈಯಿಂದ ಮಾಡಿದ್ದು ಅನ್ನುವ ಹೆಮ್ಮೆಯೇ ಅದನ್ನು ನಡೆಸಿದ್ದು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಆಗ ಕಾರ್ಡು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂತು. ಹೆಗ್ಗಡದೇವನಕೋಟೆಯವರು ಪ್ರೀತಿಯಿಂದ ಮಾಡಿದ್ದು ಬೇರೆ ಕಡೆ ಎಷ್ಟೋ ಜನಕ್ಕೆ ಇನ್ನೊಂದು ಆದೇಶ ಆಯಿತು. ಮಕ್ಕಳ ಗುಂಪು ಗುರುತಿಸುವ ಐದು ತಟ್ಟೆ ಗೋಡೆಗೆ ನೇತಾಡುತ್ತಿದೆ, ಕೆಳಗೆ ಎಲ್ಲ ಮಕ್ಕಳೂ ಒಟ್ಟಿಗೆ ಅ ಆ ಇ ಈ ಕೂಗುತ್ತಿದ್ದಾರೆ. ಇಂಥ ಕೋಣೆಯನ್ನು ನೀವೂ ನೋಡಿರುತ್ತೀರಿ.

ಹಾಗಂತ ಸಿಲಬಸ್ ಬಿಡಲು ಆಗುವುದಿಲ್ಲ. ಚಿಕ್ಕದನ್ನು ಬಿಟ್ಟುಕೊಡಿ. ಈ ವರ್ಷ ನಿಮ್ಮ ತರಗತಿಯಲ್ಲಿ ನಿಮಗಿಷ್ಟವಾದ ಒಂದು ಕೆಲಸ ಮಾಡಿ, ನಾನು ಕೇಳುವುದಿಲ್ಲ ಅಂತ ಪ್ರತಿ ಶಿಕ್ಷಕರಿಗೂ ಹೇಳಿ. ಒಬ್ಬರು ಸಂತೆ ಲೆಕ್ಕ ಮಾಡಿಸಿದರು, ಇನ್ನೊಬ್ಬರು ಊರಿನ ಗಿಡಗಳ ಹೆಸರು ಪಟ್ಟಿ ಮಾಡಿಸಿದರು. ಸಮಾಜ ವಿಜ್ಞಾನದ ಸರ್ ಏನೂ ಮಾಡಲಿಲ್ಲ. ಅದೂ ಸರಿ ಅಂತ ಬಿಟ್ಟೆ. ಡಿಸೆಂಬರ್‌ನಲ್ಲಿ ತಾವಾಗಿಯೇ ಬಂದು, ಊರ ಕೆರೆಯ ಕಥೆ ಬರೆಸಲಾ ಮೇಡಂ ಅಂತ ಕೇಳಿದರು.

5. ಹಿಂದಿನ ಸಾಲಿನಲ್ಲಿ ಕೂತು ನೋಡಿ, ಒಂದೇ ಮಾತು ಹೇಳಿ

ವಾರಕ್ಕೆ ಒಬ್ಬ ಶಿಕ್ಷಕರ ಒಂದು ಪೀರಿಯಡ್. ಬರುತ್ತೇನೆ ಅಂತ ಹಿಂದಿನ ದಿನವೇ ಹೇಳಿ. ಕೈಯಲ್ಲಿ ಭೇಟಿ ಪುಸ್ತಕ ಹಿಡಿಯಬೇಡಿ. ಮಕ್ಕಳ ಜೊತೆ ಕೂತು, ಟೀಚರನ್ನು ನೋಡುವುದಕ್ಕಿಂತ ಮಕ್ಕಳ ನೋಟ್‌ಬುಕ್ ನೋಡಿ.

ಹೊರಗೆ ಬಂದ ಮೇಲೆ ಚೆನ್ನಾಗಿತ್ತು ಸರ್ ಅಂದರೆ ಅದು ನಮಸ್ಕಾರದ ಹಾಗೆ, ಯಾರೂ ಮನೆಗೆ ಒಯ್ಯುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ. ಮೊದಲು ಹೇಳಿದ ಗಣಿತದ ಮೇಷ್ಟ್ರ ತರಗತಿಗೆ ಒಂದು ದಿನ ಹೋದೆ. ಹುಡುಗ ಬೋರ್ಡಿನ ಮೇಲೆ ತಪ್ಪು ಉತ್ತರ ಬರೆದ. ಅವರು ಅಳಿಸಲಿಲ್ಲ. ಎಲ್ಲರೂ ನೋಡಿ, ಇವನು ಇದನ್ನು ಹೇಗೆ ಮಾಡಿರಬಹುದು ಅಂದರು. ಐದು ಮಕ್ಕಳು ಕೈ ಎತ್ತಿದರು.

ಊಟದ ಹೊತ್ತಿಗೆ ನಾನು ಕೇಳಿದೆ. "ಸರ್, ಆ ತಪ್ಪು ಉತ್ತರ ಅಳಿಸದೆ ಬಿಟ್ರಲ್ಲ, ಯಾಕೆ?"

"ಅಳಿಸಿದ್ರೆ ಅವನು ಹೋಗಿ ಕೂತ್ಕೊಂಡು ಸರಿ ಉತ್ತರ ಕಾಪಿ ಹೊಡೀತಾನೆ ಮೇಡಂ. ತಪ್ಪು ಎಲ್ಲಿ ಆಯ್ತು ಅಂತ ಗೊತ್ತಾಗಲ್ಲ."

"ಇದನ್ನ ಶನಿವಾರ ನಮಗೆಲ್ಲ ಹೇಳ್ತೀರಾ? ಹತ್ತೇ ನಿಮಿಷ."

ಅವರು ಉತ್ತರ ಕೊಡಲಿಲ್ಲ. ಶನಿವಾರ ಮಾತ್ರ ಮೂರು ನೋಟ್‌ಬುಕ್ ಹಿಡಿದುಕೊಂಡು ಬಂದಿದ್ದರು.

ತಿದ್ದಬೇಕಾದ್ದು ಇದ್ದರೆ? ಒಂದನ್ನು ಹೇಳಿ, ಮುಂದಿನ ಸಲ ಅದನ್ನೇ ನೋಡುತ್ತೇನೆ ಅನ್ನಿ. ಏಳು ಹೇಳಿದರೆ ಒಂದೂ ಆಗುವುದಿಲ್ಲ. ಮಕ್ಕಳ ಎದುರು, ಪೋಷಕರ ಎದುರು, ವಾಟ್ಸಾಪ್ ಗ್ರೂಪಿನಲ್ಲಿ ಯಾವತ್ತೂ ಹೇಳಬೇಡಿ.

6. ಹಣದ ವಿಷಯ

ಸಂಬಳ ಜಾಸ್ತಿ ಕೊಟ್ಟರೆ ಚೆನ್ನಾಗಿ ಪಾಠ ಮಾಡುತ್ತಾರಾ? ಪ್ರತಿ ಊರಿನ ಕಟ್ಟೆಯ ಮೇಲೂ ಈ ಚರ್ಚೆ ಇದೆ. ಇದನ್ನು ಬೇರೆ ಬೇರೆ ಕಡೆ ಪರೀಕ್ಷಿಸಿದ್ದಾರೆ, ಉತ್ತರಗಳು ಒಂದೇ ಥರ ಇಲ್ಲ.

ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಸೇವಾ ಮಂದಿರ ಎಂಬ ಸಂಸ್ಥೆ ನಡೆಸುತ್ತಿದ್ದ ಏಕೋಪಾಧ್ಯಾಯ ಕೇಂದ್ರಗಳಿಗೆ 2003ರಲ್ಲಿ ಕ್ಯಾಮೆರಾ ಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು ಫೋಟೋ, ಒಂದು ಮಗು ತೆಗೆಯಬೇಕು. ಬಂದ ದಿನದ ಲೆಕ್ಕದಲ್ಲಿ ಸಂಬಳ. ಕ್ಯಾಮೆರಾ ಇಲ್ಲದ ಕೇಂದ್ರಗಳಲ್ಲಿ ಗೈರುಹಾಜರಿ ನೂರಕ್ಕೆ 42 ಇದ್ದರೆ ಕ್ಯಾಮೆರಾ ಇದ್ದಲ್ಲಿ 21, ಮಕ್ಕಳ ಅಂಕವೂ ಏರಿತು. ಆಂಧ್ರದಲ್ಲಿ 2005ರಿಂದ ಮಕ್ಕಳ ಅಂಕ ಏರಿದಷ್ಟಕ್ಕೆ ಶಿಕ್ಷಕರಿಗೆ ಬೋನಸ್ ಕೊಟ್ಟು ನೋಡಿದರು. ಎರಡು ವರ್ಷದಲ್ಲಿ ಗಣಿತ, ಭಾಷೆ ಎರಡೂ ಸುಧಾರಿಸಿದವು. ಕುತೂಹಲದ ಸಂಗತಿ ಅಂದರೆ ಹಾಜರಾತಿ ಬದಲಾಗಲಿಲ್ಲ. ಬಂದ ದಿನ ಮನೆಗೆಲಸ ಜಾಸ್ತಿ ಕೊಟ್ಟೆವು, ಹೆಚ್ಚುವರಿ ತರಗತಿ ತೆಗೆದುಕೊಂಡೆವು ಅಂತ ಶಿಕ್ಷಕರು ಹೇಳಿದರು. ಕೀನ್ಯಾದಲ್ಲಿ ಇಂಥದ್ದೇ ಬಹುಮಾನ ಇಟ್ಟಾಗ ಪರೀಕ್ಷೆಗೆ ತಯಾರಿ ಜೋರಾಯಿತು, ಅಂಕ ಬಂತು. ಬಹುಮಾನ ನಿಂತ ಮೇಲೆ ಆ ಲಾಭ ಉಳಿಯಲಿಲ್ಲ. ಇಂಡೋನೇಷ್ಯಾದಲ್ಲಿ ಶಿಕ್ಷಕರ ಮೂಲ ವೇತನವನ್ನೇ ಎರಡು ಪಟ್ಟು ಮಾಡಿದರು. ಶಿಕ್ಷಕರಿಗೆ ನೆಮ್ಮದಿ ಸಿಕ್ಕಿತು, ಸಾಲದ ಚಿಂತೆ ಕಡಿಮೆಯಾಯಿತು. ಮಕ್ಕಳ ಅಂಕ ಎರಡು, ಮೂರು ವರ್ಷವಾದರೂ ಇದ್ದಲ್ಲೇ ಇತ್ತು.

ಇದನ್ನೆಲ್ಲ ನೋಡಿ ನಾನು ಬಂದ ತೀರ್ಮಾನ ಇದು: ಶಾಲೆಯ ಮಟ್ಟದಲ್ಲಿ ಅಂಕಕ್ಕೆ ಬಹುಮಾನ ಇಡಬೇಡಿ. ದಾನಿಗಳು ಯಾರಾದರೂ ನೂರಕ್ಕೆ ನೂರು ಫಲಿತಾಂಶ ತಂದವರಿಗೆ ಬೆಳ್ಳಿ ಲೋಟ ಅಂತ ಬಂದರೆ, ಆ ದುಡ್ಡಲ್ಲಿ ಗ್ರಂಥಾಲಯಕ್ಕೆ ಪುಸ್ತಕ ಕೊಡಿ ಅಂತ ಕೈ ಮುಗಿಯಿರಿ. ಫಲಿತಾಂಶದ ಒತ್ತಡ ಜಾಸ್ತಿಯಾದ ಕಡೆ ಓದು ಬಾರದ ಮಕ್ಕಳ ಗತಿ ಏನಾಗುತ್ತದೆ, ಪರೀಕ್ಷಾ ಕೊಠಡಿಯಲ್ಲಿ ಏನು ನಡೆಯುತ್ತದೆ, ನಿಮಗೇ ಗೊತ್ತು.

ಹಣದಲ್ಲಿ ಶಾಲೆ ನಿಜವಾಗಿ ಮಾಡಬಹುದಾದ್ದು ಒಂದಿದೆ. ಅತಿಥಿ ಶಿಕ್ಷಕರ ಗೌರವಧನ. ಅದು ತಿಂಗಳುಗಟ್ಟಲೆ ತಡವಾಗುತ್ತದೆ. ಬಸ್ ಚಾರ್ಜಿಗೆ ಸಾಲ ಮಾಡಿಕೊಂಡು ಬರುವ ಹುಡುಗಿಗೆ ಹುರುಪಿನ ಬಗ್ಗೆ ಯಾವ ಬಾಯಲ್ಲಿ ಹೇಳುವುದು? ಹಾಜರಿ ಪ್ರಮಾಣಪತ್ರವನ್ನು ತಿಂಗಳ ಕೊನೆಯ ದಿನವೇ ಕಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಮುಂದಿನ ವಾರ ಎಸ್‌ಡಿಎಂಸಿ ಅಧ್ಯಕ್ಷರು ಕಚೇರಿಗೆ ಹೋಗಿ ಬರಲಿ. ಮುಖ್ಯ ಶಿಕ್ಷಕರು ಕೇಳಿದರೆ ಆಗದ್ದು ಊರಿನವರು ಕೇಳಿದರೆ ಎಷ್ಟೋ ಸಲ ಆಗುತ್ತದೆ.

ಶಾಲು, ಹಾರ, ಹಣ್ಣಿನ ಬುಟ್ಟಿಯ ಬಗ್ಗೆ ನನಗೆ ಹೇಳುವುದು ಜಾಸ್ತಿ ಇಲ್ಲ. ಮನೆಯಲ್ಲಿ ಒಂಬತ್ತು ಶಾಲು ಇವೆ.

7. ಎಸ್‌ಡಿಎಂಸಿಯವರೇ, ಪೋಷಕರೇ

ಕರ್ನಾಟಕದಲ್ಲಿ 2001ರಿಂದ ಎಸ್‌ಡಿಎಂಸಿ ಇದೆ. ಬಹುತೇಕ ಕಡೆ ಸಭೆ ಅಂದರೆ ಕಾಂಪೌಂಡು, ಶೌಚಾಲಯ, ಧ್ವಜಾರೋಹಣದ ಸಿಹಿ. ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಸೇರಿಸಿ: ಪಾಠಕ್ಕೆ ಅಡ್ಡಿಯಾಗುವ ಯಾವ ಕೆಲಸವನ್ನು ನಾವು ಮಾಡಿಕೊಡಬಹುದು? ಯಾಕೆ ಲೇಟು ಅಂತ ಕೇಳುವುದಕ್ಕಿಂತ ಇದರಿಂದ ಜಾಸ್ತಿ ಸಿಗುತ್ತದೆ.

ಮನೆಯಲ್ಲಿ ಮಗುವಿನ ಎದುರು ಟೀಚರನ್ನು ಹಳಿಯಬೇಡಿ. ದೂರಿದ್ದರೆ ಶಾಲೆಗೆ ಬನ್ನಿ. ಒಳ್ಳೆಯದಾದಾಗಲೂ ಬನ್ನಿ. ನಮ್ಮ ಶಾಲೆಯಲ್ಲಿ ಕೂಲಿಗೆ ಹೋಗುವ ತಾಯಿಯೊಬ್ಬರು ಒಂದು ದಿನ ಗೇಟಿನ ಹತ್ತಿರ ನಿಂತು ಹೇಳಿ ಹೋದರು: "ಮೇಡಮ್ಮಾರೆ, ನನ್ ಮಗಳು ಬಸ್ಸಿನ ಬೋರ್ಡ್ ಓದಿದ್ಲು." ಒತ್ತಕ್ಷರದ ಚೀಟಿ ಮಾಡಿದ್ದ ಟೀಚರಿಗೆ ಆ ವರ್ಷ ಸಿಕ್ಕ ಪ್ರಶಸ್ತಿ ಅದೇ.

8. ಏನು ಮಾಡಿದರೂ ಆಗದವರು

ಇರುತ್ತಾರೆ. ಮೊದಲು ಒಬ್ಬರೇ ಇದ್ದಾಗ ಕೇಳಿ, ಮನೆಯಲ್ಲಿ ಎಲ್ಲ ಸರಿ ಇದೆಯಾ ಅಂತ. ಸಕ್ಕರೆ ಕಾಯಿಲೆ, ಹಾಸಿಗೆ ಹಿಡಿದ ಅತ್ತೆ, ದಿನಾ 70 ಕಿಲೋಮೀಟರ್ ಓಡಾಟ. ಆಲಸ್ಯ ಅಂತ ನಾವು ಕರೆಯುವುದರ ಹಿಂದೆ ಇವು ಇರುತ್ತವೆ. ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ ಹಿಂದೆ ಮುಂದೆ ಮಾಡಿದರೆ ಸಾಕಾಗಬಹುದು.

ಏನೂ ಇಲ್ಲದೆ, ಸುಮ್ನೆ ಮಾಡದವರೂ ಇದ್ದಾರೆ. ಅವರ ಕೆಲಸವನ್ನು ದುಡಿಯುವವರ ಮೇಲೆ ಹೊರಿಸಬೇಡಿ. ಶಾಲೆಯಲ್ಲಿ ಒಬ್ಬರ ಹುರುಪು ಇನ್ನೊಬ್ಬರಿಗೆ ಅಂಟಲು ಹೊತ್ತು ಬೇಕು, ಬೇಸರ ಒಂದೇ ವಾರದಲ್ಲಿ ಅಂಟುತ್ತದೆ. ತಾರೀಕು ಸಮೇತ ಬರೆದಿಡಿ, ಬರಹದಲ್ಲಿ ತಿಳಿಸಿ, ಮೇಲಿನವರಿಗೂ ಬರಹದಲ್ಲೇ ಹೇಳಿ. ಇದು ನನಗೆ ಒಂದೇ ಸಲ ಬಂದ ಕಷ್ಟ. ತಡ ಮಾಡಿದೆ, ಅದರ ಬೆಲೆ ಎರಡು ಬ್ಯಾಚಿನ ಮಕ್ಕಳು ಕೊಟ್ಟರು.

ಯಾವಾಗ ಶುರು ಮಾಡುವುದು?

ಪ್ರಾರಂಭೋತ್ಸವದ ತೋರಣ ಬಿಚ್ಚಿದ ಮಾರನೇ ದಿನ ಲೆಕ್ಕದ ನೋಟ್‌ಬುಕ್. ಜೂನ್ ಕೊನೆಗೆ ಜಗಲಿಯ ಓದು, ಆಗಸ್ಟ್ 15 ಮುಗಿಯುತ್ತಿದ್ದಂತೆ ಎರಡನೇ ಸಲ, ದಸರಾ ರಜೆ ಕಳೆದು ಮೂರನೇ ಸಲ. ಎಲ್ಲ ಹೆಜ್ಜೆಯನ್ನೂ ಒಂದೇ ವರ್ಷ ಹಿಡಿಯಬೇಡಿ. ನಾವು ಮೊದಲ ವರ್ಷ ಮೂರು ಹೆಜ್ಜೆ ಮಾತ್ರ ಹಿಡಿದೆವು, ಅದರಲ್ಲೂ ಮೊಬೈಲಿನದು ಎರಡು ಸಲ ಮುರಿದುಬಿತ್ತು. ನೋಟ್‌ಬುಕ್ಕಿಗೆ ಸಹಿ ಹಾಕುವ ಮೊದಲು ತರಗತಿಗೆ ನಾಲ್ಕೇ ನೋಟ್‌ಬುಕ್ ಎತ್ತಿಕೊಂಡು ಪೂರ್ತಿ ಓದಿ. 30 ನೋಟ್‌ಬುಕ್ಕಿಗೆ ಕಣ್ಣು ಮುಚ್ಚಿ ಸಹಿ ಹಾಕುವುದರ ಫಲ ಏನು ಅಂತ ಮೊದಲೇ ಹೇಳಿದ್ದೇನೆ.

ಫೆಬ್ರವರಿಯಲ್ಲಿ ಹಾಗೆ ಎತ್ತಿಕೊಂಡ ನಾಲ್ಕರಲ್ಲಿ ಆ ಹುಡುಗನದ್ದೂ ಇತ್ತು. 52ರಲ್ಲಿ 27 ಅಂಥ ಲೆಕ್ಕ ಈಗ ಸರಿಯಾಗಿ ಬರುತ್ತಿತ್ತು. ಸೊನ್ನೆ ಬಂದ ಕಡೆ ಮಾತ್ರ ಇನ್ನೂ ಎಡವುತ್ತಿದ್ದ. 70ರಲ್ಲಿ 38 ಕಳೆದು 48 ಅಂತ ಬರೆದಿದ್ದ. ಪಕ್ಕದಲ್ಲಿ ರೈಟ್ ಮಾರ್ಕ್ ಇರಲಿಲ್ಲ. ಕೆಂಪು ಇಂಕಿನಲ್ಲಿ ಒಂದು ಸಾಲು ಇತ್ತು: ಊಟ ಆದ್ಮೇಲೆ ಕಡ್ಡಿ ಕಟ್ಟು ತಗೊಂಡು ಬಾ.